ತೋಟದಲ್ಲಿ ನಾಲ್ಕು ಬೆಳೆ, ಪೇಟೆಯಲ್ಲಿ ಒಬ್ಬನೇ ಗಿರಾಕಿ

ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರ ಸೆಪ್ಟೆಂಬರ್ 1ರಂದು ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಒಂದು ಚಾಕಲೇಟ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಅದರ ಒಡೆಯರು ಅಡಿಕೆ ಬೆಳೆಗಾರರು. ತಲೆತಲಾಂತರದಿಂದ ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಸುಲಿದು, ಮಂಗಳೂರಿನ ಬಂದರಿನ ವ್ಯಾಪಾರಿ ಹೇಳಿದ ಧಾರಣೆಗೆ ಕೊಟ್ಟು ಬರುತ್ತಿದ್ದ ಜನ ಚಾಕಲೇಟಿನ ಯಂತ್ರ ಹೂಡುವ ಮಟ್ಟಕ್ಕೆ ಬಂದ ಬಗೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಸಹಕಾರದ ಸಾಹಸಗಾಥೆಯಾಗಿ ಹೇಳುತ್ತಾರೆ. ಅದು ಸಾಹಸವೇ, ಸಂಶಯವಿಲ್ಲ. ಆದರೆ ಅದರೊಳಗೆ ಇನ್ನೊಂದು ಪಾಠವಿದೆ. ಕೃಷಿ ಇಲಾಖೆಯ ಕರಪತ್ರದಿಂದ ಹಿಡಿದು ಬ್ಯಾಂಕಿನ ಸಾಲದ ಯೋಜನೆಯವರೆಗೆ ಎಲ್ಲರೂ ರೈತರಿಗೆ 'ಬೆಳೆ ವೈವಿಧ್ಯ'ದ ಬುದ್ಧಿ ಹೇಳುತ್ತಾರೆ. ಒಂದನ್ನೇ ನೆಚ್ಚಬೇಡಿ, ನಾಲ್ಕು ಬೆಳೆಯಿರಿ ಎನ್ನುತ್ತಾರೆ. ಕರಾವಳಿ ಮತ್ತು ಮಲೆನಾಡಿನ ಅಡಿಕೆ ತೋಟಗಳ ಚರಿತ್ರೆ ನೋಡಿದರೆ ಬೆಳೆಗಳ ಎಣಿಕೆಯಿಂದ ಮಾತ್ರ ಯಾವ ರೈತನೂ ಬಚಾವಾಗಿಲ್ಲ. ನಾಲ್ಕು ಬೆಳೆಗಳಿಗೂ ಒಂದೇ ಹೊತ್ತಿಗೆ ಪೆಟ್ಟು ಬೀಳುವಂತಿದ್ದರೆ, ಅಥವಾ ಕೊಳ್ಳುವವನು ಒಬ್ಬನೇ ಆಗಿದ್ದರೆ, ಆ ತೋಟ ಏಕಬೆಳೆಯ ತೋಟದಷ್ಟೇ ದುರ್ಬಲ.

ಮಿಶ್ರಬೆಳೆ ಈ ಸೀಮೆಗೆ ಹೊಸತಲ್ಲ ಎಂಬುದನ್ನು ಮೊದಲೇ ಹೇಳಬೇಕು. ಟಿಪ್ಪುವಿನ ಪತನದ ಬೆನ್ನಿಗೆ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಸೋಂದಾ ಸೀಮೆಯ ತೋಟಗಳನ್ನು ಕಂಡು ಬರೆದಿದ್ದಾನೆ. ಅಡಿಕೆ, ವೀಳ್ಯದೆಲೆ, ಕಾಳುಮೆಣಸು, ಏಲಕ್ಕಿ ಒಂದೇ ತೋಟದಲ್ಲಿ ಬೆಳೆಯುವುದನ್ನು ವಿವರವಾಗಿ ದಾಖಲಿಸಿದ್ದಾನೆ. ಅದಕ್ಕೂ ಎರಡು ಶತಮಾನ ಮೊದಲು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇದೇ ಘಟ್ಟದ ಮೆಣಸಿನಿಂದಾಗಿ. ತೋಟದ ರಚನೆಯೇ ಮಿಶ್ರಬೆಳೆಗೆ ಹೇಳಿ ಮಾಡಿಸಿದಂತಿದೆ. ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಿಕೆ ಮರದ ತಲೆ ಚಿಕ್ಕದು. ಬಿಸಿಲಿನ ಸುಮಾರು ಮೂರನೇ ಒಂದು ಪಾಲು ಸೋಗೆಗಳ ನಡುವಿನಿಂದ ಕೆಳಗಿಳಿಯುತ್ತದೆ. ಆ ಬಿಸಿಲನ್ನು ಬಾಳೆ, ಏಲಕ್ಕಿ ಹೀರುತ್ತವೆ, ಮೆಣಸಿನ ಬಳ್ಳಿ ಅಡಿಕೆಯ ಕಾಂಡವನ್ನೇ ಹಬ್ಬಿ ಮೇಲೇರುತ್ತದೆ. ಇವೆಲ್ಲಕ್ಕೂ ಗೊಬ್ಬರ ಬರುತ್ತಿದ್ದದ್ದು ತೋಟದ ಹೊರಗಿನ ಕಾಡಿನಿಂದ. ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದಲ್ಲಿ ಕುಮ್ಕಿ. ಜಾಗ ಸರ್ಕಾರದ್ದು, ಸೊಪ್ಪು ಸೌದೆಯ ಸವಲತ್ತು ಪಕ್ಕದ ಜಮೀನಿನವನದ್ದು. ಸೊಪ್ಪು ದನದ ಹಟ್ಟಿಗೆ, ಹಟ್ಟಿಯ ಗೊಬ್ಬರ ಮರದ ಬುಡಕ್ಕೆ. ಹಾಗಾಗಿ ಹಳೆಯ ತೋಟದ ವೈವಿಧ್ಯವೆಂದರೆ ತೋಟದ ಬೇಲಿಯೊಳಗಿನ ನಾಲ್ಕು ಬೆಳೆ ಮಾತ್ರವಲ್ಲ. ಗುಡ್ಡದ ಮರಗಳು, ದನ, ಬಯಲಿನ ಭತ್ತ ಎಲ್ಲ ಸೇರಿ ಒಂದು ಬದುಕು.

ಇಷ್ಟಾದರೂ ಆ ಬದುಕು ನಿಶ್ಚಿಂತೆಯದ್ದಾಗಿರಲಿಲ್ಲ. ಕಾರಣ ಮಳೆಗಾಲ. ಆಟಿ ತಿಂಗಳ ಮಳೆ ಬಿಡದೆ ಹೊಯ್ಯುವಾಗ ಎಳೆಯ ಅಡಿಕೆಯ ಮೇಲೆ ನೀರಲ್ಲಿ ನೆನೆದಂಥ ಕಲೆ ಮೂಡುತ್ತದೆ, ಬಿಳಿ ಬೂಷ್ಟು ಹಬ್ಬುತ್ತದೆ, ಗೊನೆಗೊನೆಯೇ ಉದುರುತ್ತದೆ. ಇದೇ ಕೊಳೆರೋಗ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಇದರ ಬೆನ್ನು ಹತ್ತಿ, ಕಾರಣ ಫೈಟಾಫ್ತೊರ ಕುಲದ ಶಿಲೀಂಧ್ರ ಎಂದು ಗುರುತಿಸಿ 1910ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಬೆಳೆಗಾರರ ಉಪಾಯವೆಂದರೆ ಮಳೆಗೆ ಮುಂಚೆ ಮರ ಹತ್ತಿ ಪ್ರತಿ ಗೊನೆಗೂ ಹೊದಿಕೆಯಾಗಿ ಕೊಟ್ಟೆ ಕಟ್ಟುವುದು. ಕೋಲ್ಮನ್ ಬೋರ್ಡೊ ದ್ರಾವಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇಂದಿಗೂ ಪುತ್ತೂರು, ಸುಳ್ಯದಲ್ಲಿ 'ಮದ್ದು ಬಿಡುವುದು' ಎಂದರೆ ಇದೇ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಮೆಣಸಿನ ಬಳ್ಳಿಯನ್ನು ಬೇಗನೆ ಒಣಗಿಸಿಬಿಡುವ ಸೊರಗು ರೋಗಕ್ಕೂ, ಕೊಕ್ಕೊ ಕಾಯಿಯನ್ನು ಕಪ್ಪಾಗಿಸುವ ಕೊಳೆತಕ್ಕೂ ಕಾರಣ ಇದೇ ಫೈಟಾಫ್ತೊರ ಕುಲದ ಸಂಬಂಧಿಗಳು. ಮೂರಕ್ಕೂ ಬೇಕಾದದ್ದು ಬಿಡದ ಮಳೆ, ಮೂರಕ್ಕೂ ಮದ್ದು ಅದೇ ಮೈಲುತುತ್ತು. ಕಾಗದದ ಮೇಲೆ ಮೂರು ಬೆಳೆ ಬರೆದುಕೊಂಡವನಿಗೆ ವಿಪರೀತ ಮಳೆಯ ವರ್ಷ ಮೂರರಲ್ಲೂ ನಷ್ಟ ಬರುತ್ತದೆ. ಮರ ಹತ್ತಿ ಮದ್ದು ಬಿಡುವ, ಗೊನೆ ಕೊಯ್ಯುವ, ಮೆಣಸು ಬಿಡಿಸುವ ಕೈಗಳೂ ಬಹುಮಟ್ಟಿಗೆ ಅವೇ. ಆ ಕೆಲಸಗಾರ ಬಾರದ ದಿನ ಎರಡೂ ಕೊಯ್ಲು ನಿಲ್ಲುತ್ತವೆ.

ಪೇಟೆಯ ಕತೆ ಇದಕ್ಕಿಂತ ಕಠಿಣ. ದಕ್ಷಿಣ ಕನ್ನಡ, ಕಾಸರಗೋಡಿನ ಚಾಲಿ ಅಡಿಕೆ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಖರ್ಚಾಗುತ್ತಿದ್ದದ್ದು ಗುಜರಾತ್ ಮತ್ತು ಉತ್ತರದ ರಾಜ್ಯಗಳಲ್ಲಿ. ನಡುವೆ ಕೆಲವೇ ವ್ಯಾಪಾರಿಗಳು. ಮಲೆನಾಡಿನವರು ಇದಕ್ಕೆ ಮೊದಲೇ ದಾರಿ ಹುಡುಕಿಕೊಂಡಿದ್ದರು. ಶಿರಸಿಯಲ್ಲಿ 1923ರಲ್ಲೇ ತೋಟಗಾರರ ಮಾರಾಟ ಸಹಕಾರಿ ಸಂಘ ಹುಟ್ಟಿತ್ತು, ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್‌ಕೋಸ್. ಕರಾವಳಿಯ ಚಾಲಿ ಬೆಳೆಗಾರರಿಗೆ ಅಂಥ ಬೆನ್ನೆಲುಬು ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಧಾರಣೆ ನೆಲ ಕಚ್ಚಿದಾಗ ಅಡಿಕೆ ಅಟ್ಟದಲ್ಲೇ ಉಳಿಯಿತು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಅಡಿಕೆಯನ್ನೆಲ್ಲ ಕೊಳ್ಳಲಿಲ್ಲ, ಕೊಳ್ಳುವ ಅಗತ್ಯವೂ ಇರಲಿಲ್ಲ. ಪೇಟೆಯಲ್ಲಿ ಎರಡನೆಯ ಗಿರಾಕಿ ಇದ್ದಾನೆ ಎಂಬುದೇ ಮೊದಲನೆಯವನ ಮಾತಿನ ಧಾಟಿಯನ್ನು ಬದಲಿಸಿತು. ಬೆಳೆಗಾರನಿಗೆ 'ಇವತ್ತು ಕೊಡುವುದಿಲ್ಲ' ಎಂದು ಹೇಳುವ ತಾಕತ್ತು ಬಂತು.

ಇದೇ ಹೊತ್ತಿಗೆ ಕೊಕ್ಕೊ ಬಂತು. ಕ್ಯಾಡ್ಬರಿ ಕಂಪನಿ 1965ರಲ್ಲಿ ವಯನಾಡಿನ ಚುಂಡಲೆಯಲ್ಲಿ ಪ್ರಾತ್ಯಕ್ಷಿಕೆ ತೋಟ ಮಾಡಿ ಗಿಡ ಹಂಚುವ ಕೆಲಸ ಶುರುಮಾಡಿತ್ತು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಅಡಿಕೆಯ ನಡುವೆ ಅದನ್ನು ಹೇಗೆ ಬೆಳೆಯಬೇಕೆಂದು ತೋರಿಸಿತು. ಅಡಿಕೆಗೆ ಬೆಲೆಯಿಲ್ಲದ ಕಾಲದಲ್ಲಿ ಅಮೆಜಾನ್ ಕಾಡಿನ ಈ ಗಿಡ ಬೆಳೆಗಾರನ ಕಣ್ಣಿಗೆ ದೇವರು ಕೊಟ್ಟ ವರದಂತೆ ಕಂಡಿತು. ನಿಸರ್ಗದ ಕಡೆಯಿಂದ ನೋಡಿದರೆ ಅದು ತೋಟಕ್ಕೆ ನಿಜಕ್ಕೂ ಒಗ್ಗುವ ಗಿಡ. ನೆರಳು ಬೇಕು, ಅಡಿಕೆ ಕೊಡುತ್ತದೆ. ಕಾಂಡದ ತೊಗಟೆಯ ಮೇಲೆಯೇ ಅಂಟಿಕೊಂಡಂತೆ ಅರಳುವ ಅದರ ಪುಟ್ಟ ಹೂವಿಗೆ ಜೇನುಹುಳ ಬಾರದು. ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ನೊಣಗಳು ಪರಾಗ ಒಯ್ಯಬೇಕು. ಅವು ಮರಿ ಮಾಡುವುದು ಕೊಳೆಯುವ ತರಗೆಲೆ, ಬಾಳೆಯ ಬೊಡ್ಡೆಯಂಥ ಒದ್ದೆ ಕಸದಲ್ಲಿ. ಅಂದರೆ ಕಸ ಗುಡಿಸಿ ಒಪ್ಪ ಮಾಡಿಟ್ಟ ತೋಟಕ್ಕಿಂತ ತರಗೆಲೆ ಹಾಸಿದ, ಬಾಳೆಯಿರುವ ತೋಟದಲ್ಲಿ ಕೊಕ್ಕೊ ಚೆನ್ನಾಗಿ ಕಾಯಿಕಚ್ಚುತ್ತದೆ. ಆದರೆ ಕೊಕ್ಕೊ ಬೀಜವನ್ನು ಬೆಳೆದವನು ಮನೆಯಲ್ಲಿ ತಿನ್ನುವುದಿಲ್ಲ, ಅಟ್ಟದಲ್ಲಿ ವರ್ಷಗಟ್ಟಲೆ ಇಡಲಾಗುವುದಿಲ್ಲ, ಊರ ಸಂತೆಯಲ್ಲಿ ಅದನ್ನು ಕೇಳುವವರಿಲ್ಲ. ಕಾಯಿ ಒಡೆದ ಮೇಲೆ ಬಿಳಿ ಲೋಳೆಯ ಹಸಿಬೀಜವನ್ನು ತಡಮಾಡದೆ ಹುಳಿಬರಿಸಲು ಹಾಕಬೇಕು, ಐದಾರು ದಿನ ಮಗುಚುತ್ತಿರಬೇಕು, ಆಮೇಲೆ ಒಣಗಿಸಬೇಕು. ಜೋರು ಮಳೆಯಲ್ಲಿ ಇದು ಸಣ್ಣ ಬೆಳೆಗಾರನ ಕೈಮೀರಿದ ಕೆಲಸ. ಕೊಳ್ಳುವವರು ಬೆರಳೆಣಿಕೆಯ ಕಂಪನಿಗಳು. ಲೋಕದ ಪೇಟೆಯಲ್ಲಿ 1977ರಲ್ಲಿ ಏರಿದ್ದ ಬೆಲೆ 1980ರ ಹೊತ್ತಿಗೆ ಜಾರಿತು, ಖಾಸಗಿ ಖರೀದಿ ಹಿಂಜರಿಯಿತು. ಅಡಿಕೆಯ ಕುಸಿತದಿಂದ ಪಾರಾಗಲು ಗಿಡ ನೆಟ್ಟವರು ಕಾಯಿ ಮಾರಲಾಗದೆ ಗಿಡ ಕಡಿದರು. ತೋಟದಲ್ಲಿ ವೈವಿಧ್ಯ ಇತ್ತು, ಪೇಟೆಯಲ್ಲಿ ಇರಲಿಲ್ಲ.

ಆಗ ಕ್ಯಾಂಪ್ಕೊ ಹಸಿಬೀಜ ಕೊಳ್ಳಲು ಇಳಿಯಿತು. ಕೊಂಡದ್ದನ್ನು ಮಾರುವುದು ಯಾರಿಗೆ ಎಂಬ ಪ್ರಶ್ನೆಗೆ ಕೊನೆಗೆ ಸಿಕ್ಕ ಉತ್ತರವೇ ಕೆಮ್ಮಿಂಜೆಯ ಕಾರ್ಖಾನೆ. ವ್ಯವಹಾರ ಶಾಸ್ತ್ರದವರು ಇದನ್ನು ಒಂದು ಸಂಸ್ಥೆ ಹೊಸ ಉದ್ಯಮಕ್ಕೆ ಕಾಲಿಟ್ಟದ್ದೆಂದು ಬಣ್ಣಿಸಬಹುದು. ನನಗೆ ಕಾಣುವುದು ಇಷ್ಟು: ತೋಟದಲ್ಲಿ ಆದ ಬದಲಾವಣೆಯನ್ನು ಪೇಟೆಯವರೆಗೆ ಕೊಂಡೊಯ್ಯದಿದ್ದರೆ ಅದು ಅರ್ಧದಲ್ಲೇ ಸಾಯುತ್ತದೆ ಎಂದು ಆ ನಾಯಕರಿಗೆ ಪೆಟ್ಟು ತಿಂದು ಗೊತ್ತಾಗಿತ್ತು.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಚಾಕಲೇಟು ಬೆಳೆಗಾರನನ್ನು ಎಲ್ಲಿ ಉದ್ಧಾರ ಮಾಡಿತು, ಕ್ಯಾಂಪ್ಕೊದ ವಹಿವಾಟಿನ ಸಿಂಹಪಾಲು ಇಂದಿಗೂ ಅಡಿಕೆಯದ್ದೇ ಅಲ್ಲವೇ ಎಂದು ಕೇಳಬಹುದು. ಹೌದು, ಅಡಿಕೆಯದ್ದೇ. ದೊಡ್ಡ ಕಂಪನಿಗಳ ಜಾಹೀರಾತಿನ ಮುಂದೆ ಪುತ್ತೂರಿನ ಚಾಕಲೇಟು ಏದುಸಿರು ಬಿಟ್ಟದ್ದೂ ನಿಜ. ಆದರೆ ಎರಡನೆಯ ಬೆಳೆಯನ್ನು ಮೊದಲನೆಯದರ ಲಾಭದೊಂದಿಗೆ ತೂಗುವುದು ತಪ್ಪು ಅಳತೆ. ಅಡಿಕೆಗೆ ಬೆಲೆಯಿರುವ ವರ್ಷ ಕೊಕ್ಕೊ ಸಣ್ಣದಾಗಿ ಕಾಣಲೇಬೇಕು. ವಾರಕ್ಕೋ ಹದಿನೈದು ದಿನಕ್ಕೋ ಕಾಯಿ ಕೊಯ್ದು ಕೈಗೆ ಬರುವ ಹಣದಿಂದ ತೋಟದ ಕೂಲಿ ಕೊಟ್ಟು, ವರ್ಷದ ಅಡಿಕೆಯನ್ನು ಬೆಲೆ ಬರುವವರೆಗೆ ಅಟ್ಟದಲ್ಲಿ ಇಟ್ಟುಕೊಳ್ಳಬಲ್ಲವನಿಗೆ ಕೊಕ್ಕೊದ ನಿಜವಾದ ಬೆಲೆ ಗೊತ್ತು. ಅವನ ಅಡಿಕೆಗೆ ಸಿಗುವ ಹೆಚ್ಚಿನ ಧಾರಣೆಯಲ್ಲಿ ಕೊಕ್ಕೊದ ಪಾಲೂ ಇದೆ, ಲೆಕ್ಕದ ಪುಸ್ತಕದಲ್ಲಿ ಅದು ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ನೋಯಿಸುವಂಥದ್ದು, ಹೆಚ್ಚು ಸತ್ಯವಾದದ್ದು. ಈ ನಾಲ್ಕು ಬೆಳೆಯ ಸೊಬಗು ಯಾರದ್ದಾಗಿತ್ತು? 1974ರ ಭೂಸುಧಾರಣೆಯವರೆಗೆ ದಕ್ಷಿಣ ಕನ್ನಡದ ಜನಸಂಖ್ಯೆಯ ದೊಡ್ಡ ಪಾಲು ಗೇಣಿ ಒಕ್ಕಲು. ಚಾಲಗೇಣಿಯವನನ್ನು ಒಡೆಯ ಯಾವಾಗ ಬೇಕಾದರೂ ಬಿಡಿಸಬಹುದಾಗಿತ್ತು. ಫಲಕ್ಕೆ ಐದಾರು ವರ್ಷ ಕಾಯಬೇಕಾದ ಅಡಿಕೆಯನ್ನು ಅವನು ನೆಡುವುದಾದರೂ ಹೇಗೆ? ಭೂಮಿಯೇ ಇಲ್ಲದವರ ಮನೆಯಲ್ಲಿ ಮಳೆಗಾಲದ ಒಲೆ ಉರಿದದ್ದು ಹೆಂಗಸರು ಮೊರ ಮಡಿಲಲ್ಲಿಟ್ಟು ಕಟ್ಟಿದ ಬೀಡಿಯಿಂದ. ಎಲೆ, ಹೊಗೆಸೊಪ್ಪು ಹೊರಗಿನಿಂದ ಬರುತ್ತಿತ್ತು, ಮಳೆ ಹೆಚ್ಚಾದರೂ ಕಡಿಮೆಯಾದರೂ ವಾರದ ಮಜೂರಿ ಸಿಗುತ್ತಿತ್ತು. ಜೀವನೋಪಾಯದ ವೈವಿಧ್ಯವೆಂದರೆ ಬಡವರಿಗೆ ಅದೇ ಆಗಿತ್ತು, ಆ ಹೊಗೆಸೊಪ್ಪಿನ ಧೂಳು ಎದೆಗಿಳಿಯುತ್ತಿದ್ದರೂ. ಗೇಣಿದಾರ ಭೂಮಾಲೀಕನಾದ ಮೇಲೆ ನಡೆದದ್ದನ್ನೂ ಮುಚ್ಚಿಡಬಾರದು. ಬೈಲು, ಮಜಲು, ಬೆಟ್ಟು ಎಂದು ನೀರಿನ ಲೆಕ್ಕದಲ್ಲಿ ವಿಂಗಡಿಸಿದ್ದ, ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯವರೆಗೆ ತೆಗೆಯುತ್ತಿದ್ದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದವು. ಹೊಸ ಮಾಲೀಕನನ್ನು ಇದಕ್ಕಾಗಿ ದೂರಲಾರೆ. ಅವನ ಅಜ್ಜನಿಗೆ ನಿರಾಕರಿಸಿದ್ದ ಮರ ಅದು. ಆದರೆ ಒಂದೊಂದು ತೋಟವೂ ಒಳಗೊಳಗೆ ಮಿಶ್ರವಾಗುತ್ತಿದ್ದಾಗಲೇ ಇಡೀ ಊರು ಏಕಬೆಳೆಯತ್ತ ಸರಿಯಿತು. ಗದ್ದೆಯಲ್ಲಿ ನಿಂತು ಅಂತರ್ಜಲಕ್ಕೆ ಇಳಿಯುತ್ತಿದ್ದ ಮಳೆನೀರು, ದನಕ್ಕೆ ಸಿಗುತ್ತಿದ್ದ ಬೈಹುಲ್ಲು, ಮನೆಯ ಅಕ್ಕಿ ಮೂರೂ ಹೋದವು. ವೈವಿಧ್ಯವನ್ನು ಒಬ್ಬನ ತೋಟದ ಅಳತೆಯಲ್ಲಿ ಅಳೆಯುವುದೋ ಊರಿನ ಅಳತೆಯಲ್ಲೋ ಎಂಬುದು ದೊಡ್ಡ ವ್ಯತ್ಯಾಸ ಮಾಡುತ್ತದೆ, ನಮ್ಮ ಯೋಜನೆಗಳು ಎರಡನೆಯದನ್ನು ಕೇಳಿಯೇ ಇಲ್ಲ.

ಈಗ ಅಡಿಕೆಗೆ ಒಳ್ಳೆಯ ಬೆಲೆಯಿದೆ, ಈ ಹಳೆಯ ಪುರಾಣ ಯಾಕೆ ಎನ್ನುವವರಿದ್ದಾರೆ. ಬೆಲೆಯಿದೆ ಎಂಬುದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ ಪ್ರಕಟಿಸಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಕ್ಯಾನ್ಸರ್ ಕುರಿತ ಆ ತೀರ್ಮಾನದ ಬಗ್ಗೆ ಬೆಳೆಗಾರರಿಗೆ ತಕರಾರಿದೆ, ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಲಕ್ಷಾಂತರ ಕುಟುಂಬಗಳ ಅನ್ನ ಒಂದು ಆದೇಶದ, ಒಂದು ನ್ಯಾಯಾಲಯದ ತೀರ್ಪಿನ ಮೇಲೆ ತೂಗುತ್ತಿರುವುದನ್ನು ತಕರಾರಿನಿಂದ ಅಳಿಸಲಾಗದು. ಸುಳ್ಯದ ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗಕ್ಕೆ ತೋಟಗಳೇ ಬರಿದಾಗಿವೆ, ಅದಕ್ಕೆ ಬೋರ್ಡೊದಂಥ ಮದ್ದೂ ಇಲ್ಲ. ಅತ್ತ ಚನ್ನಗಿರಿ, ದಾವಣಗೆರೆ, ಚಿತ್ರದುರ್ಗದ ಬಯಲಿನಲ್ಲಿ ಭದ್ರೆಯ ಕಾಲುವೆ ಮತ್ತು ಕೊಳವೆಬಾವಿಯ ನೀರನ್ನು ನೆಚ್ಚಿ ಜೋಳ, ರಾಗಿ, ಭತ್ತದ ನೆಲದಲ್ಲಿ ಅಡಿಕೆ ಏಳುತ್ತಿದೆ. ಅಲ್ಲಿ ಸೊಪ್ಪಿನ ಬೆಟ್ಟವಿಲ್ಲ, ಮೆಣಸಿಗೆ ಬೇಕಾದ ಮಳೆಯಿಲ್ಲ.

ಆ ಬಯಲಿನ ಬೆಳೆಗಾರರಲ್ಲಿ ನನ್ನದೊಂದು ಕೋರಿಕೆ. ಕರಾವಳಿಯವರು ಕೊಕ್ಕೊ ಕಡಿದ ವರ್ಷಗಳನ್ನು ನೆನಪಿಡಿ. ಅಡಿಕೆಯ ನಡುವೆ ಎರಡನೆಯ ಗಿಡ ಯಾವುದು ನೆಡಬೇಕೆಂದು ತೋಟಗಾರಿಕೆ ಇಲಾಖೆಯನ್ನು ಕೇಳುವ ಮುಂಚೆ, ಅದನ್ನು ಕೊಳ್ಳುವವರು ಎಷ್ಟು ಜನ ಎಂದು ನಿಮ್ಮ ಸಹಕಾರ ಸಂಘದ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ 'ಒಬ್ಬರು' ಎಂದಾದರೆ, ಸಸಿಗೆ ಗುಂಡಿ ತೋಡುವ ಮೊದಲು ಇನ್ನೊಬ್ಬ ಗಿರಾಕಿಯನ್ನು ಹುಡುಕುವ ಅಥವಾ ನೀವೇ ಆಗುವ ಕೆಲಸಕ್ಕೆ ಸಂಘವನ್ನು ಹಚ್ಚಿ.