ದಂಡಿನ ಚಾಕೊಲೇಟು, ಮನೆಯ ಲೋಟ

1809ರಲ್ಲಿ ಹಲಸೂರಿನ ಬಳಿ ಆಂಗ್ಲರ ದಂಡು ನೆಲಸಿತು. ಆ ಸೈನಿಕರಲ್ಲಿ ಯಾರ ಜೇಬಿನಲ್ಲಿಯೂ ಇಂದಿನಂತಹ ಚಾಕೊಲೇಟಿನ ತುಂಡು ಇದ್ದಿರಲಾರದು. ಅಗಿಯುವ ಚಾಕೊಲೇಟನ್ನು ಬ್ರಿಸ್ಟಲಿನ ಫ್ರೈ ಸಂಸ್ಥೆಯವರು ಅಚ್ಚಿನಲ್ಲಿ ಎರೆದದ್ದು 1847ರಲ್ಲಿ. ಅದಕ್ಕೆ ಮೊದಲು ಅದು ಬಹುಮಟ್ಟಿಗೆ ಪಾನೀಯವೇ. ಮೆಕ್ಸಿಕೋದ ಪ್ರಾಚೀನರು ಅದಕ್ಕೆ ಮೆಣಸಿನಕಾಯಿಯನ್ನೂ ಬೆರೆಸುತ್ತಿದ್ದರು. ನಮ್ಮ ಕಷಾಯದ ದಾಯಾದಿಯೆಂದರೂ ಸಲ್ಲುವುದು! ಸಕ್ಕರೆ ಸುರಿದವರು ಯೂರೋಪಿನವರು. ಮಕ್ಕಳ ಹಲ್ಲಿನ ವಿಷಯದಲ್ಲಿ ನಾವು ಚಾಕೊಲೇಟಿನ ಮೇಲೆ ಹೊರಿಸುವ ಅಪರಾಧ ಹೆಚ್ಚಾಗಿ ಆ ಸಕ್ಕರೆಯದು, ಕಹಿಯಾದ ಕೋಕೋ ಬೀಜದ್ದಲ್ಲ.

ಆ ಬೀಜವೂ ಈಗ ಪರದೇಶಿಯಲ್ಲ. ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಬೆಳೆಯುತ್ತದೆ. ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಶಿವಾಜಿನಗರದ ಗೃಹಿಣಿಯು ಸಕ್ಕರೆ ಬೆರೆಸದ ಕೋಕೋ ಪುಡಿಯನ್ನು ಕೊಂಡು, ಏಲಕ್ಕಿಯೊಡನೆ ಹಾಲಿನಲ್ಲಿ ಕುದಿಸಿದರೆ, ಸಿಹಿಯ ಅಳತೆ ಅವಳ ಕೈಯಲ್ಲಿಯೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅರ್ಧ ಚಮಚ ಸಾಕಾಗಿದೆ.