ಅರ್ಬುದ ರೋಗ ಮತ್ತು ಬೀದರಿನ ಗಡಿನಾಡು

ಕೆಲವು ರೋಗಗಳನ್ನು ಜನ ಹೆಸರಿಟ್ಟು ಕರೆಯುತ್ತಾರೆ, ಕೆಲವನ್ನು ಹೆಸರಿಸಲು ಹೆದರುತ್ತಾರೆ. ಮಲೇರಿಯಾ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಕ್ಯಾನ್ಸರ್ ಬಂದರೆ ಮನೆಯವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಈ ಮೌನದಿಂದ ಆಗುವ ಹಾನಿ ರೋಗದ ಹಾನಿಗಿಂತ ಕಡಿಮೆಯದಲ್ಲ. ಈ ಮೌನವನ್ನು ಮುರಿಯಲು, ರೋಗವನ್ನು ಅರಿಯಲು, ಅದಕ್ಕಾಗಿ ಹಣ ಕೂಡಿಸಲು ಜನರು ನಡೆಸಿದ ಪ್ರಯತ್ನಗಳಿಗೆ ಒಂದು ಇತಿಹಾಸವುಂಟು. ಬೀದರ್, ಭಾಲ್ಕಿ, ಔರಾದ್‌ಗಳಿಗೂ ಆ ಇತಿಹಾಸದೊಡನೆ ನಂಟುಂಟು.

ರೋಗವೇನೂ ಹೊಸದಲ್ಲ. ನಮ್ಮ ಸುಶ್ರುತ ಸಂಹಿತೆ 'ಅರ್ಬುದ'ವನ್ನು ವಿವರಿಸಿದೆ. ಗ್ರೀಕರು ಅದನ್ನು ಏಡಿಗೆ ಹೋಲಿಸಿ ಹೆಸರಿಟ್ಟರು. ಕ್ಯಾನ್ಸರ್ ಎಂಬ ಮಾತಿನ ಅರ್ಥವೂ ಏಡಿಯೇ. ಆದರೆ ಶತಮಾನಗಳ ಕಾಲ ಕತ್ತಿಯೊಂದನ್ನು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚಿನ ಸಾಧನವಿರಲಿಲ್ಲ. 1898ರಲ್ಲಿ ಮೇರಿ ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದ ಮೇಲೆ ಹೊಸ ಬಾಗಿಲು ತೆರೆಯಿತು. ಆ ಶೋಧದಿಂದ ಅವರು ಏಕಸ್ವಾಮ್ಯದ ಲಾಭ ಪಡೆಯಲಿಲ್ಲ. ಆದುದರಿಂದ ಮುಂದೆ ತಮ್ಮ ಸಂಶೋಧನೆಗೇ ಒಂದು ಗ್ರಾಂ ರೇಡಿಯಂ ಕೊಳ್ಳಲು ಆಕೆಗೆ ಶಕ್ತಿಯಿರಲಿಲ್ಲ. ಆಗ ಅಮೆರಿಕದ ಮಹಿಳೆಯರು ಚಂದಾ ಎತ್ತಿ ಸುಮಾರು ಒಂದು ಲಕ್ಷ ಡಾಲರು ಕೂಡಿಸಿದರು. 1921ರಲ್ಲಿ ಆ ರೇಡಿಯಂ ಆಕೆಗೆ ಸಂದಿತು. ಆಕೆಯ ಜನ್ಮದಿನವಾದ ನವೆಂಬರ್ 7ನ್ನು ನಮ್ಮ ದೇಶದಲ್ಲಿ ಕ್ಯಾನ್ಸರ್ ಜಾಗೃತಿ ದಿನವಾಗಿ ಆಚರಿಸುವುದು ಉಚಿತವಾಗಿಯೇ ಇದೆ.

ಭಾರತದಲ್ಲಿ ಈ ಕಾರ್ಯ ಬಹುಮಟ್ಟಿಗೆ ದುಃಖದಿಂದಲೇ ಹುಟ್ಟಿತು. ಮೆಹರ್‌ಬಾಯಿ ಟಾಟಾ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಪತಿ ದೊರಾಬ್ಜಿಯವರ ಹೆಸರಿನ ಟ್ರಸ್ಟಿನ ಹಣದಿಂದ 1941ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ತಂಗಿಯನ್ನು ಈ ರೋಗಕ್ಕೆ ಕಳೆದುಕೊಂಡು, ಮನೆಮನೆಯ ನೆರವು ಬೇಡಿ, 1954ರಲ್ಲಿ ಮದರಾಸಿನ ಅಡಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ತೆರೆದರು.

ಮರುವರ್ಷ, 1955ರಲ್ಲಿ, ಹೈದರಾಬಾದಿನಲ್ಲಿಯೂ ಒಂದು ಕ್ಯಾನ್ಸರ್ ಆಸ್ಪತ್ರೆಯಾಯಿತು. ಅದಕ್ಕೆ ಮೆಹದಿ ನವಾಜ್ ಜಂಗ್ ಅವರ ಹೆಸರು. ಅವರು ಆಗಿನ ಹೈದರಾಬಾದ್ ರಾಜ್ಯದ ಸಚಿವರು. ಮುಂದೆ ಗುಜರಾತಿನ ಮೊದಲ ರಾಜ್ಯಪಾಲರಾದವರು. ಆ ವರ್ಷ ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಎಂದರೆ, ಅದು ಬೀದರಿನವರ ರಾಜಧಾನಿಯ ಆಸ್ಪತ್ರೆಯೇ ಆಗಿತ್ತು. 1956ರ ನವೆಂಬರ್ 1ರಂದು ಗಡಿಗಳು ಬದಲಾದವು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಹಳೆಯ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮರಾಠಿಯ ಕಡೆಗೂ, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೂ ಹೋದವು. ಕನ್ನಡಿಗರ ಕನಸು ಕೈಗೂಡಿತು. ಆದರೆ ರೋಗಿ ಗಡಿಯನ್ನು ನೋಡುವುದಿಲ್ಲ, ಹತ್ತಿರವನ್ನು ನೋಡುತ್ತಾನೆ. ಬೀದರಿನಿಂದ ಹೈದರಾಬಾದ್ ಅರ್ಧ ದಿನದ ದಾರಿ. ಬೆಂಗಳೂರು ಸುಮಾರು 700 ಕಿಲೋಮೀಟರು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ನೆಲೆಗೊಂಡದ್ದು 1973ರಲ್ಲಿ. ಅದರ ಶಾಖೆ ಕಲಬುರಗಿಗೆ ಬಂದದ್ದು ಆಮೇಲೆ. ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2007ರಲ್ಲಿ. ದೂರದ ಆಸ್ಪತ್ರೆ ಎಂದರೆ ಬಡವನಿಗೆ ಔಷಧದ ಖರ್ಚಷ್ಟೇ ಅಲ್ಲ. ಬಸ್ಸಿನ ಖರ್ಚು, ಊಟದ ಖರ್ಚು, ಜೊತೆಗೆ ಬಂದವನ ಕೂಲಿಯ ನಷ್ಟ. ಹೀಗಾಗಿ ನಾಳೆ ಹೋದರಾಯಿತು ಎಂಬ ಮಾತು ಹುಟ್ಟುತ್ತದೆ. ಆ ನಾಳೆಯಲ್ಲಿಯೇ ರೋಗ ಬಲಿಯುತ್ತದೆ.

ಇನ್ನು ಸಂಶೋಧನೆಯ ಮಾತು. ಅದು ವಿಲಾಯತಿಯ ಪ್ರಯೋಗಶಾಲೆಗಳಲ್ಲಿ ಮಾತ್ರ ನಡೆಯುವುದೆಂದು ನಾವು ತಿಳಿದಿದ್ದೇವೆ. ಆದರೆ ಜಗತ್ತೇ ಗಮನಿಸಿದ ಒಂದು ಸಂಶೋಧನೆ ಬೀದರಿನ ಪಶ್ಚಿಮಕ್ಕಿರುವ ಉಸ್ಮಾನಾಬಾದ್ ಜಿಲ್ಲೆಯ, ಈಗಿನ ಧಾರಾಶಿವದ, ಹಳ್ಳಿಗಳಲ್ಲಿ ನಡೆಯಿತು. ಅದೂ ಹಳೆಯ ಹೈದರಾಬಾದ್ ರಾಜ್ಯದ ನೆಲವೇ. 1999ರಲ್ಲಿ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ ಮತ್ತು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ 30ರಿಂದ 59 ವರ್ಷದ 1,31,746 ಹೆಂಗಸರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡರು. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚುವ ಮೂರು ವಿಧಾನಗಳನ್ನು ಮೂರು ಗುಂಪುಗಳಲ್ಲಿ ಪರೀಕ್ಷಿಸಿದರು. ನಾಲ್ಕನೆಯ ಗುಂಪಿಗೆ ವಾಡಿಕೆಯ ಆರೈಕೆ ಮಾತ್ರ. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ಎಂಬ ವೈರಾಣುವಿನ ಪರೀಕ್ಷೆಯನ್ನು ಒಂದೇ ಸಲ ಮಾಡಿದ ಗುಂಪಿನಲ್ಲಿ ಈ ರೋಗದಿಂದ 34 ಮಂದಿ ತೀರಿಕೊಂಡಿದ್ದರು. ಪರೀಕ್ಷೆ ಇಲ್ಲದ ಗುಂಪಿನಲ್ಲಿ 64 ಮಂದಿ. ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮನಾದವು. ಬದುಕಿನಲ್ಲಿ ಒಂದು ಸಲದ ಪರೀಕ್ಷೆ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಹೊಲದಲ್ಲಿ ಕಳೆ ಕೀಳುವ ಹೆಂಗಸರೇ ಜಗತ್ತಿಗೆ ಈ ಪಾಠ ಕಲಿಸಿದರು. ಪರೀಕ್ಷೆ ಸಿಗದೆ ಹೋದ ಆ 64 ಮಂದಿಯ ಋಣ ನಮ್ಮೆಲ್ಲರ ಮೇಲಿದೆ. ಮಾಂಜ್ರಾ ನದಿಯ ಈ ದಡದ ಅವ್ವ ಅಕ್ಕಂದಿರಿಗೆ ಆ ಪರೀಕ್ಷೆ ದೊರಕಿದರೆ ಮಾತ್ರ ಋಣ ತೀರೀತು.

ಈ ವೈರಾಣುವೇ ಆ ಕ್ಯಾನ್ಸರಿಗೆ ಕಾರಣವೆಂದು ತೋರಿಸಿದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದನ್ನು ತಡೆಯುವ ಲಸಿಕೆ ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ಬಾಯಿಯ ಕ್ಯಾನ್ಸರಿಗಂತೂ ಕಾರಣ ಹುಡುಕಬೇಕಾಗಿಲ್ಲ. ಅದು ಸುಣ್ಣದೊಡನೆ ತಿಕ್ಕಿ ದವಡೆಗಿಟ್ಟ ತಂಬಾಕಿನಲ್ಲಿದೆ, ಬೀಡಿಯಲ್ಲಿದೆ, ಗುಟ್ಕಾದಲ್ಲಿದೆ. 2013ರಲ್ಲಿ ಕರ್ನಾಟಕ ಗುಟ್ಕಾವನ್ನು ನಿಷೇಧಿಸಿತು. ಆದರೆ ಕಾನೂನು ಅಂಗಡಿಯವರೆಗೆ ಹೋದೀತು, ಬಾಯಿಯವರೆಗೆ ಹೋಗಲಾರದು. ವಾಸಿಯಾಗದ ಬಾಯಿಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೂ ರಕ್ತಸ್ರಾವ, ಇವುಗಳಲ್ಲಿ ಯಾವುದು ಕಂಡರೂ ನಾಚಿಕೆ ಬಿಟ್ಟು ವೈದ್ಯರ ಬಳಿಗೆ ಹೋಗಬೇಕು. ಎಲ್ಲ ಗಂಟೂ ಕ್ಯಾನ್ಸರಲ್ಲ. ಆದರೆ ಕ್ಯಾನ್ಸರಾಗಿದ್ದರೆ ಬೇಗ ತಿಳಿದಷ್ಟೂ ಲೇಸು.

ಹಣದ ಮಾತು ಉಳಿಯಿತು. ಬೀದರ್ ಜಿಲ್ಲೆಯಲ್ಲಿ ಎರಡು ಬಗೆಯ ದಾನವನ್ನು ನೆನೆಯಬಹುದು. 1472ರಲ್ಲಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ಅದು ಸಿರಿವಂತನೊಬ್ಬನ ಔದಾರ್ಯ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಆ ಕೆಲಸಕ್ಕೆ ಜೋಳಿಗೆ ತುಂಬಿದ್ದು ಸಾಮಾನ್ಯರ ಕೈಯಿಂದ. ಕ್ಯಾನ್ಸರಿನ ಕಾರ್ಯಕ್ಕೆ ಇವೆರಡೂ ಬೇಕು. ದೊಡ್ಡ ಯಂತ್ರಕ್ಕೆ ಗವಾನರಂಥವರ ಹಣ ಬೇಕು. ಔರಾದಿನ ಹಳ್ಳಿಯಿಂದ ಒಬ್ಬ ತಾಯಿಯನ್ನು ಪರೀಕ್ಷೆಗೆ ಕರೆದೊಯ್ಯಲು ಊರವರ ಬಿಡಿಕಾಸು ಸಾಕು. ದಾಸೋಹವೆಂದರೆ ಕಲ್ಯಾಣದ ಈ ನೆಲಕ್ಕೆ ವಿವರಿಸಬೇಕಾದ ಮಾತಲ್ಲ. ಒಂದು ಜಾತ್ರೆಯ ಅನ್ನದಾಸೋಹದ ಪಕ್ಕದಲ್ಲಿ ಒಂದು ತಪಾಸಣೆಯ ಡೇರೆ ಹಾಕಿದರೆ, ಅದೂ ದಾಸೋಹವೇ ಆದೀತು. ಅಲ್ಲಿ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವುದು ಮೊದಲ ಸೇವೆ.