ಲಿಸ್ಬನ್: ಕಾಲಡಿಯ ಕಲ್ಲು ಹೇಳುವ ಕಥೆ

ಮಸ್ಕತ್‌ನಲ್ಲಿರುವ ನಮ್ಮವರು ಹಳೆ ಬಂದರಿನ ಬಂಡೆಗಳ ಮೇಲೆ ನಿಂತ ಜಲಾಲಿ, ಮಿರಾನಿ ಕೋಟೆಗಳನ್ನು ನೋಡಿಯೇ ಇರುತ್ತಾರೆ. ಬಹರೈನ್‌ನವರು ರಜೆಯ ದಿನ ಬಹರೈನ್ ಕೋಟೆಗೆ ಹೋಗಿ ಬಂದಿರುತ್ತಾರೆ. 'ಪೋರ್ಚುಗೀಸರ ಕೋಟೆ' ಎನ್ನುತ್ತೇವೆ, ಒಂದು ಫೋಟೋ ತೆಗೆಯುತ್ತೇವೆ, ಕ್ಯಾಂಪಿಗೆ ಮರಳುತ್ತೇವೆ. ನಾವು ದುಡಿಯುವ ಈ ಕೊಲ್ಲಿಗೂ, ನಾವು ಬಿಟ್ಟು ಬಂದ ಕರಾವಳಿಗೂ ಹಡಗು ಕಳಿಸಿದ ಆ ಊರು ಹೇಗಿದೆ? ಅದನ್ನು ತಿಳಿಯಲು ಲಿಸ್ಬನ್ನಿನಲ್ಲೇ ನಡೆಯಬೇಕು. ಒಬ್ಬರೇ ನಡೆದರೆ ಇನ್ನೂ ಒಳ್ಳೆಯದು. ಒಬ್ಬಂಟಿ ನಡಿಗೆ ನಮಗೇನು ಹೊಸದೇ? ಶುಕ್ರವಾರ ಸಂಜೆ ಕಾರ್ನಿಷ್ ಉದ್ದಕ್ಕೂ ಮನೆಯವರ ಜೊತೆ ಫೋನಿನಲ್ಲಿ ಮಾತಾಡುತ್ತಾ ಒಬ್ಬರೇ ನಡೆದವರು ನಾವು.

ನಡಿಗೆಯನ್ನು ತೇಜೋ ನದಿಯ ದಡದ ದೊಡ್ಡ ಚೌಕದಿಂದ ಆರಂಭಿಸೋಣ. ಮೂರು ಕಡೆ ಹಳದಿ ಕಟ್ಟಡಗಳು, ನಾಲ್ಕನೆಯ ಕಡೆ ನೀರು. ಇದರ ಅಧಿಕೃತ ಹೆಸರು ವಾಣಿಜ್ಯ ಚೌಕ. ಊರಿನವರ ಬಾಯಲ್ಲಿ ಮಾತ್ರ ಇಂದಿಗೂ 'ಅರಮನೆ ಅಂಗಳ'. ಆ ಅರಮನೆ ಈಗಿಲ್ಲ. ವಾಸ್ಕೋ ಡ ಗಾಮನನ್ನು ಭಾರತಕ್ಕೆ ಕಳಿಸಿದ ದೊರೆ ಮ್ಯಾನುಯೆಲ್ ಇಲ್ಲೇ ನದಿಯ ಪಕ್ಕದಲ್ಲಿ ಅದನ್ನು ಕಟ್ಟಿಸಿದ್ದ. 'ಕಾಸಾ ದ ಇಂಡಿಯಾ' ಎಂಬ ವ್ಯಾಪಾರ ಕಚೇರಿಯೂ ಇಲ್ಲಿಯೇ ಇತ್ತು. ಕರಿಮೆಣಸು, ಶುಂಠಿ, ದಾಲ್ಚಿನ್ನಿಯ ಲೆಕ್ಕವೆಲ್ಲ ಅಲ್ಲಿ ನಡೆಯುತ್ತಿತ್ತು.

ನದಿಯ ಗುಂಟ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಗೋಡೆಯ ತುಂಬ ಮೊನಚು ಕಲ್ಲುಗಳಿರುವ ಒಂದು ಮನೆ ಸಿಗುತ್ತದೆ. ಹೆಸರು ಕಾಸಾ ದುಸ್ ಬಿಕುಸ್. 1523ರ ಸುಮಾರಿಗೆ ಇದನ್ನು ಕಟ್ಟಿಸಿದವನು ಅಫೊನ್ಸೊ ಡಿ ಅಲ್ಬುಕರ್ಕ್‌ನ ಮಗ. ಅಪ್ಪನ ಹೆಸರು ನಮ್ಮ ಶಾಲೆಯ ಪಾಠದಲ್ಲೇ ಇತ್ತು. 1507ರಲ್ಲಿ ಮಸ್ಕತ್ತನ್ನು ಸುಟ್ಟವನು, 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವೆಯನ್ನು ಹಿಡಿದವನು, 1515ರಲ್ಲಿ ಹೊರ್ಮುಜ್ ದ್ವೀಪವನ್ನು ವಶ ಮಾಡಿಕೊಂಡವನು ಅವನೇ.

ಹೊರ್ಮುಜ್, ಗೋವಾ ಎರಡೂ ಏಕೆ ಬೇಕಿದ್ದವು? ಒಂದು ಕಾರಣ ಕುದುರೆ. ಅರಬ್ ಕುದುರೆಗಳು ಹೊರ್ಮುಜ್‌ನಿಂದ ಹಡಗೇರಿ ಭಟ್ಕಳ, ಗೋವೆಯ ಮೂಲಕ ವಿಜಯನಗರಕ್ಕೆ ಬರುತ್ತಿದ್ದವು. ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ಹಣ ಕೊಡುತ್ತಿದ್ದನಂತೆ. ಸತ್ತ ಕುದುರೆಗೂ ಲೆಕ್ಕವಿತ್ತು. ಅದಕ್ಕೆ ಹಡಗಿನಲ್ಲಿ ಮೇವು ಹಾಕಿದ ಆಳಿನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಅದೇ ಮೊನಚು ಕಲ್ಲಿನ ಮನೆಯಲ್ಲಿ ಈಗ ಇರುವುದು ಸಾಹಿತಿ ಜೋಸೆ ಸರಮಾಗೊ ಅವರ ಪ್ರತಿಷ್ಠಾನ. ಭೂಮಿಯಿಲ್ಲದ ಬಡ ರೈತ ಕುಟುಂಬದಲ್ಲಿ ಹುಟ್ಟಿ, ಮೆಕ್ಯಾನಿಕ್ ಆಗಿ ದುಡಿದು, 1998ರಲ್ಲಿ ನೊಬೆಲ್ ಪಡೆದವರು ಅವರು. ದೊರೆಯೊಬ್ಬ ಕಟ್ಟಿಸಿದ ಮಾಫ್ರಾದ ಮಹಾಮಠವನ್ನು ಹಿಡಿದು ಕಾದಂಬರಿ ಬರೆದಾಗ, ಕಲ್ಲು ಹೊತ್ತ ಕೂಲಿಗಳನ್ನು ಅದರ ನಡುವೆ ನಿಲ್ಲಿಸಿದರು. ಮನೆಯ ಎದುರಿನ ಆಲಿವ್ ಮರದ ಬುಡದಲ್ಲಿ ಅವರ ಚಿತಾಭಸ್ಮವಿದೆ. ದಂಡನಾಯಕನ ಮಗನ ಮನೆ ಕೊನೆಗೆ ಕೂಲಿಯವರ ಕಥೆಗಾರನ ಪಾಲಾಯಿತು.

ಮತ್ತೆ ಚೌಕಕ್ಕೆ ಬಂದು ಬಾಯಿಶಾ ಎಂಬ ಪೇಟೆಯೊಳಗೆ ಹೋಗೋಣ. ಬೀದಿಗಳೆಲ್ಲ ನೂಲು ಹಿಡಿದಂತೆ ನೇರ. ಇದಕ್ಕೆ ಕಾರಣ ಒಂದು ದುರಂತ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಜನ ಇಗರ್ಜಿಯಲ್ಲಿದ್ದಾಗ ಭೂಮಿ ನಡುಗಿತು. ನದಿಯ ಕಡೆ ಓಡಿದವರ ಮೇಲೆ ಸಮುದ್ರವೇ ಏರಿ ಬಂತು. ಉಳಿದದ್ದನ್ನು ದಿನಗಟ್ಟಲೆ ಬೆಂಕಿ ತಿಂದಿತು. ಅರಮನೆ ಹೋಯಿತು, ಕಾಸಾ ದ ಇಂಡಿಯಾದ ಕಾಗದಪತ್ರಗಳೂ ಹೋದವು. ಮಂತ್ರಿ ಪೊಂಬಾಲ್ ಊರನ್ನು ಹೊಸದಾಗಿ ಕಟ್ಟಿಸಿದ. ಮನೆಗಳ ಗೋಡೆಯೊಳಗೆ ಮರದ ಪಂಜರ ಕೂರಿಸಲಾಯಿತು. ಅದು ಅಲುಗಾಟ ತಡೆಯುವುದೇ ಎಂದು ನೋಡಲು ಮಾದರಿಯ ಸುತ್ತ ಸೈನಿಕರನ್ನು ಕಾಲು ಬಡಿಸುತ್ತಾ ನಡೆಸಿದರೆಂದು ಹೇಳುತ್ತಾರೆ. ಕಟ್ಟಡದ ಕೆಲಸದಲ್ಲಿರುವ ನಮ್ಮ ಗೆಳೆಯರು ಇದನ್ನು ಕೇಳಿದರೆ ಖುಷಿಪಡುತ್ತಾರೆ. ಮೇಲೆ ಗುಡ್ಡದಲ್ಲಿ ಕಾರ್ಮು ಮಠ ಮಾತ್ರ ಇಂದಿಗೂ ಮಾಡಿಲ್ಲದೆ ಆಕಾಶಕ್ಕೆ ಬಾಯಿ ತೆರೆದು ನಿಂತಿದೆ.

ಪೇಟೆ ದಾಟಿದರೆ ರೊಸಿಯೊ ಚೌಕ. ಕಾಫಿ ಅಂಗಡಿ, ಹೂ ಮಾರುವವರು, ಜನವೋ ಜನ. ಇಲ್ಲಿ ನಾವು ತಲೆ ತಗ್ಗಿಸಿ ನೆಲ ನೋಡಬೇಕು. ಕಪ್ಪು, ಬಿಳಿ ಕಲ್ಲಿನ ಸಣ್ಣ ಚೂರುಗಳನ್ನು ಜೋಡಿಸಿ ಇಡೀ ಚೌಕಕ್ಕೆ ಸಮುದ್ರದ ಅಲೆ ಬಿಡಿಸಿದ್ದಾರೆ. ಮಳೆ ಬಂದರೆ ಜಾರುತ್ತದೆ, ಒಳ್ಳೆಯ ಶೂ ಇರಲಿ. ಲಿಸ್ಬನ್ನಿನ ಈ ಕಪ್ಪು ಬಿಳುಪಿನ ಚಿತ್ತಾರ ಶುರುವಾದದ್ದು 1842ರಲ್ಲಿ, ಮೇಲಿನ ಸಂತ ಜಾರ್ಜ್ ಕೋಟೆಯ ಅಂಗಳದಲ್ಲಿ. ಜೋಡಿಸಿದವರು ಜೈಲಿನ ಕೈದಿಗಳು. ಒಬ್ಬೊಬ್ಬರ ಹೆಸರೂ ನಮಗೆ ಗೊತ್ತಿಲ್ಲ, ಆದರೆ ಊರಿನ ಗುರುತೇ ಅವರ ಕೈಕೆಲಸವಾಯಿತು. ರೊಸಿಯೊ ಪಕ್ಕದ ರೆಸ್ತೌರದೊರೆಸ್ ಚೌಕದಲ್ಲಿ ಕಲ್ಲು ಕೂರಿಸುವ ಕೆಲಸಗಾರರಿಗೆಂದೇ ಕಂಚಿನ ಪ್ರತಿಮೆ ಇಟ್ಟಿದ್ದಾರೆ. ಕುದುರೆಯ ಮೇಲೆ ಕೂತ ರಾಜರ ಪ್ರತಿಮೆ ನಾವು ಬಹಳ ನೋಡಿದ್ದೇವೆ. ಸುತ್ತಿಗೆ ಹಿಡಿದವನ ಪ್ರತಿಮೆ ಎಷ್ಟು ಊರಲ್ಲಿದೆ?

ಸಂಜೆಯಾಗುವಾಗ ಮಾರ್ಟಿಮ್ ಮೊನಿಜ್ ಕಡೆ ತಿರುಗೋಣ. ಅಲ್ಲಿನ ಬೆನ್‌ಫೊರ್ಮೊಜು ಬೀದಿಯಲ್ಲಿ ಬಾಂಗ್ಲಾದವರ, ನೇಪಾಳದವರ, ನಮ್ಮ ದೇಶದವರ ಅಂಗಡಿಗಳು. ಅಂದು ಈ ಊರಿನಿಂದ ಹಡಗುಗಳು ನಮ್ಮ ಕಡೆ ಬಂದವು. ಇಂದು ನಮ್ಮ ಕಡೆಯ ಜನ ದುಡಿಮೆ ಹುಡುಕಿ ಇಲ್ಲಿಗೆ ಬಂದಿದ್ದಾರೆ. ನಮ್ಮ ಹಾಗೆಯೇ.

ಚಹಾ ಕುಡಿದು ದುಡ್ಡು ಕೊಡುವಾಗ ಒಂದು ಪದ ಕಿವಿಗೆ ಬೀಳುತ್ತದೆ: 'ಪಗಾರ್'. ಪೋರ್ಚುಗೀಸಿನಲ್ಲಿ ಹಾಗೆಂದರೆ ಹಣ ಪಾವತಿಸುವುದು. ಚಾವಿ, ಪಾದ್ರಿ, ಇಗರ್ಜಿ, ಬಟಾಟೆಗಳ ಜೊತೆ ಹಡಗಿಳಿದು ಬಂದ ಆ ಪದವನ್ನು ನಾವು ಸಂಬಳಕ್ಕೆ ಇಟ್ಟುಕೊಂಡೆವು. ಪ್ರತಿ ತಿಂಗಳ ಕೊನೆಗೆ 'ಪಗಾರ ಬಂತಾ?' ಎಂದು ಒಬ್ಬರನ್ನೊಬ್ಬರು ಕೇಳುವಾಗ ನಮ್ಮ ಬಾಯಲ್ಲಿರುವುದು ಐನೂರು ವರ್ಷದ ಚರಿತ್ರೆ. ಕೋಟೆ, ಅರಮನೆ ಬಿದ್ದುಹೋದವು. ಉಳಿದದ್ದು ದುಡಿದವರ ಮಾತು, ದುಡಿದವರು ಕೂರಿಸಿದ ಕಲ್ಲು. ಮುಂದಿನ ಸಲ ಮಸ್ಕತ್ತಿನ ಕೋಟೆಯ ಮುಂದೆ ಫೋಟೋ ತೆಗೆಯುವಾಗ, ಆ ಕಲ್ಲು ಹೊತ್ತವರನ್ನೂ ಒಂದು ಗಳಿಗೆ ನೆನೆಯೋಣ.